ಚಿತ್ರ ಮ್ಯಾಂಚೆಸ್ಟರಿನದು, ಠಸ್ಸೆ ಗುಲ್ಬರ್ಗಾದ್ದು

ನಮ್ಮಜ್ಜಿಯ ಕಬ್ಬಿಣದ ಟ್ರಂಕಿನ ಮುಚ್ಚಳದ ಒಳಮೈಗೆ ಒಬ್ಬ ಲಕ್ಷ್ಮಿ ಅಂಟಿಕೊಂಡಿದ್ದಳು. ಅಂಗೈಯಗಲದ ಕಾಗದ, ಕೆಂಪು ಸೀರೆ, ಬಂಗಾರದ ಬಣ್ಣದ ಅಂಚು, ಎರಡೂ ಪಕ್ಕದಲ್ಲಿ ಸೊಂಡಿಲೆತ್ತಿದ ಆನೆ. ದೀಪಾವಳಿಯ ದಿನ ಅಜ್ಜಿ ಟ್ರಂಕು ತೆರೆದು ಅವಳಿಗೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದರು. ವರ್ಷಗಟ್ಟಲೆ ಇಟ್ಟು ಇಟ್ಟು ಹಣೆಯ ಜಾಗದಲ್ಲಿ ಈಗ ಚಿತ್ರವೇ ಇಲ್ಲ, ಕೆಂಪು ಹಕ್ಕಳೆಯೊಂದಿದೆ. ದೇವಿಯ ಪಾದದ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮ್ಯಾಂಚೆಸ್ಟರ್ ಎಂದಿದೆ. ಅದು ದೇವರ ಪಟವಲ್ಲ, ಬಟ್ಟೆಯ ತಾನಿಗೆ ಅಂಟಿಸಿ ಬಂದ ಜಾಹೀರಾತು ಚೀಟಿ ಎಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಇದ್ದಿದ್ದರೆ ಆ ಮಾತು ಅವರಿಗೆ ಹೇಳುವ ಧೈರ್ಯ ನನಗೆ ಬರುತ್ತಿತ್ತೋ ಇಲ್ಲವೋ.

ಇಂಥ ಚೀಟಿಗಳನ್ನು ಕೂಡಿಡುವ ಹವ್ಯಾಸಕ್ಕೆ ಜಗತ್ತಿನಲ್ಲಿ ದೊಡ್ಡ ಇತಿಹಾಸವಿದೆ. ಇಂಗ್ಲಿಷಿನಲ್ಲಿ ಇವುಗಳನ್ನು ಟ್ರೇಡ್ ಕಾರ್ಡ್ ಎನ್ನುತ್ತಾರೆ. ಕ್ರಿಕೆಟ್ ಆಟಗಾರರ ಚಿತ್ರವಿರುವ, ಮಕ್ಕಳು ಅದಲುಬದಲು ಮಾಡಿಕೊಳ್ಳುವ ಕಾರ್ಡು ಇದಲ್ಲ. ವ್ಯಾಪಾರಿ ತನ್ನ ಅಂಗಡಿಯನ್ನೋ ಸರಕನ್ನೋ ನೆನಪಿಸಲು ಗಿರಾಕಿಯ ಕೈಗಿಡುತ್ತಿದ್ದ ಕಾಗದ ಇದು. ಕಲಬುರಗಿಯಲ್ಲಿ ಕುಳಿತು ಇದನ್ನು ಸಂಗ್ರಹಿಸಲು ಹೊರಟವರು ಮೊದಲು ಮಾಡುವ ತಪ್ಪು ಒಂದೇ: ಚಿತ್ರಕ್ಕೆ ಮರುಳಾಗುವುದು. ನಾನೂ ಮಾಡಿದ್ದೇನೆ, ಅದರಲ್ಲಿ ಕಳೆದುಕೊಂಡದ್ದನ್ನು ಮುಂದೆ ಹೇಳುತ್ತೇನೆ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮನೆಗಳಿಗೆ ಸಂಖ್ಯೆ ಬರುವ ಮುಂಚೆ ಅಂಗಡಿ ಹುಡುಕಬೇಕಾದರೆ ಬಾಗಿಲ ಮೇಲಿನ ಗುರುತೇ ಗತಿ. ಬಂಗಾರದ ಕುರಿ, ಮೂರು ಗಡಿಗೆ, ನೀಲಿ ಹಂದಿ, ಹೀಗೆ. ನಾವು ಇಂದಿಗೂ ‘ಸೂಪರ್ ಮಾರ್ಕೆಟ್ ಹಿಂದೆ, ಬೇವಿನ ಮರದ ಎದುರು’ ಎಂದು ವಿಳಾಸ ಹೇಳುತ್ತೇವಲ್ಲ, ಅದೇ ರೀತಿ. ವ್ಯಾಪಾರಿಗಳು ಆ ಗುರುತನ್ನೂ ದಾರಿಯನ್ನೂ ತಾಮ್ರದ ತಗಡಿನಲ್ಲಿ ಕೊರೆಸಿ, ಕಾಗದದ ಮೇಲೆ ಅಚ್ಚು ಹಾಕಿಸಿ ಹಂಚುತ್ತಿದ್ದರು. ಹಿಂಬದಿ ಖಾಲಿ ಇರುತ್ತಿದ್ದುದರಿಂದ ಅದರ ಮೇಲೆಯೇ ಬಿಲ್ಲು ಬರೆದುಕೊಡುತ್ತಿದ್ದರು. ಚಿತ್ರಕಾರ ವಿಲಿಯಂ ಹೋಗಾರ್ತ್ 1720ರಲ್ಲಿ ತನ್ನ ಕಸುಬಿಗೆ ತಾನೇ ಕೊರೆದುಕೊಂಡ ಕಾರ್ಡು ಇಂದಿಗೂ ಉಳಿದಿದೆ. ಕಪ್ಪು ಬಿಳುಪಿನ ಈ ಹಳೆಯ ಕಾರ್ಡುಗಳು ನಮ್ಮ ಕೈಗೆ ಸಿಗುವ ಮಾತಲ್ಲ, ಅವು ಬ್ರಿಟಿಷ್ ಮ್ಯೂಸಿಯಮ್ಮಿನಂಥ ಕಡೆ ಭದ್ರವಾಗಿವೆ.

ಕಾರ್ಡಿಗೆ ಬಣ್ಣ ಬಂದದ್ದು ಕಲ್ಲಿನಿಂದ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹುಟ್ಟಿ ಬೆಳೆದ ನಮಗೆ ಇದನ್ನು ವಿವರಿಸುವುದು ಸುಲಭ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಹಾಸಿದ ಹೊಸದರಲ್ಲಿ ಅದರ ಮೇಲೆ ಎಣ್ಣೆ ಚೆಲ್ಲಿದರೆ ಏನಾಗುತ್ತದೆಂದು ಯಾವ ಗೃಹಿಣಿಯನ್ನು ಬೇಕಾದರೂ ಕೇಳಿ: ಕಲೆ ಒಳಗಿಳಿದು ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಆ ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಜರ್ಮನಿಯ ಬವೇರಿಯಾದ ನಾಟಕಕಾರ ಅಲೋಯ್ಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಇದೇ ಗುಣದ ಬೆನ್ನು ಹತ್ತಿದ. ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದವನು ಅವನು. ಕಾಗದ ಸಿಗದೆ ಅಮ್ಮ ಅಗಸರಿಗೆ ಹಾಕುವ ಬಟ್ಟೆಯ ಲೆಕ್ಕವನ್ನು ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದಿಟ್ಟೆ, ಅಲ್ಲಿಂದ ಎಲ್ಲ ಶುರುವಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ.

ವಿಧಾನ ಹೀಗೆ. ಸೊಲ್ನ್‌ಹೋಫೆನ್ ಎಂಬಲ್ಲಿ ಸಿಗುವ, ನಮ್ಮ ಕಲ್ಲಿಗಿಂತ ಬಹಳ ನುಣುಪಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಮೇಲೆ ಗೋಂದಿನ ನೀರನ್ನೂ ಚೂರು ಆಮ್ಲವನ್ನೂ ಸವರುತ್ತಾರೆ. ಗೋಂದು ನಮ್ಮ ಜಾಲಿಯ ಬಳಗದ ಮರದ್ದೇ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಎಣ್ಣೆಮಸಿಯ ರೂಲು ಎಳೆದರೆ ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಕಾಗದ ಇಟ್ಟು ಒತ್ತಿದರೆ ಅಚ್ಚು ಸಿದ್ಧ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಮಾಡಿ, ಅದೇ ಕಾಗದದ ಮೇಲೆ ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಮತ್ತೆ ಮತ್ತೆ ಒತ್ತುವ ಪದ್ಧತಿಗೆ ಗೊಡೆಫ್ರಾ ಎಂಗೆಲ್‌ಮಾನ್ 1837ರಲ್ಲಿ ಪೇಟೆಂಟ್ ಪಡೆದ. ಅವನ ಊರು ಫ್ರಾನ್ಸಿನ ಮುಲೂಸ್, ಬಣ್ಣದ ಬಟ್ಟೆಗೆ ಹೆಸರಾದದ್ದು. ಬಟ್ಟೆಯೂ ಬಣ್ಣದ ಚೀಟಿಯೂ ಮೊದಲಿನಿಂದಲೇ ನೆರೆಹೊರೆ.

ಅಮೆರಿಕದಲ್ಲಿ 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದ ನಂತರ ಈ ಬಣ್ಣದ ಕಾರ್ಡುಗಳ ಸುಗ್ಗಿಯಾಯಿತು. ಸಾಬೂನು, ದಾರದ ಉಂಡೆ, ಕಾಫಿ, ಯಾವ ರೋಗಕ್ಕೂ ರಾಮಬಾಣವೆನ್ನುವ ಔಷಧಿ, ಎಲ್ಲಕ್ಕೂ ಕಾರ್ಡು. ಮಕ್ಕಳು ಅವನ್ನು ಆಲ್ಬಂಗಳಿಗೆ ಅಂಟಿಸಿಕೊಂಡರು. ಇಂದು ಉಳಿದಿರುವ ಕಾರ್ಡುಗಳಲ್ಲಿ ಬಹುಪಾಲು ಬದುಕಿದ್ದು ಆ ಮಕ್ಕಳ ಅಂಟಿನಿಂದಲೇ, ಹಾಳಾದದ್ದೂ ಅದರಿಂದಲೇ. ಸಿಂಗರ್ ಹೊಲಿಗೆ ಯಂತ್ರದವರು 1892ರಲ್ಲಿ ದೇಶದೇಶದ ಉಡುಪಿನ ಜನ ತಮ್ಮ ಯಂತ್ರದ ಸುತ್ತ ನಿಂತಿರುವ ಸರಣಿ ತಂದರು, ಅದರಲ್ಲಿ ಭಾರತವೂ ಇದೆ. ಲೀಬಿಗ್ ಎಂಬ ಮಾಂಸಸಾರದ ಕಂಪನಿ ಆರಾರು ಕಾರ್ಡಿನ ಗುಂಪುಗಳನ್ನು ಹತ್ತಾರು ವರ್ಷ ಹೊರತಂದಿತು. ಗೋಮಾಂಸದ ಸಾರ ಮಾರುವವರು ಹಿಂದೂಸ್ಥಾನದ ದೃಶ್ಯಗಳನ್ನೂ ಅಚ್ಚು ಹಾಕಿಸಿದ್ದಾರೆ, ಅದು ಬೇರೆ ಮಾತು. ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಪತ್ರಿಕೆಗಳಲ್ಲೇ ಜಾಹೀರಾತು ಅಗ್ಗವಾಯಿತು, ಚಿತ್ರದ ಅಂಚೆಕಾರ್ಡು ಬಂತು, ಕಾರ್ಡಿನ ಕಾಲ ಮುಗಿಯಿತು.

ಈಗ ಮುಖ್ಯ ವಿಷಯ. ಆ ಕಾಲದ ಮುದ್ರಕರು ಪ್ರತಿ ಅಂಗಡಿಗೂ ಹೊಸ ಚಿತ್ರ ಬರೆಸುತ್ತಿರಲಿಲ್ಲ. ಹೂವು, ಬೆಕ್ಕಿನ ಮರಿ, ಹಡಗು, ಹುಡುಗಿ ಎಂದು ಸಾವಿರಗಟ್ಟಲೆ ಅಚ್ಚು ಹಾಕಿ ಒಂದು ಮೂಲೆ ಖಾಲಿ ಬಿಡುತ್ತಿದ್ದರು. ಯಾವ ಊರಿನ ಯಾವ ವ್ಯಾಪಾರಿಯಾದರೂ ಕಟ್ಟು ಕೊಂಡು ಆ ಖಾಲಿ ಜಾಗದಲ್ಲಿ ತನ್ನ ಹೆಸರು ಹಾಕಿಸಿಕೊಳ್ಳಬಹುದು. ಮದುವೆ ಕರೆಯೋಲೆಯ ಅಂಗಡಿಯಲ್ಲಿ ಗಣಪತಿ ಮೊದಲೇ ಅಚ್ಚಾಗಿ ಕುಳಿತಿರುತ್ತಾನೆ, ವಧೂವರರ ಹೆಸರು ಆಮೇಲೆ ಬರುತ್ತದೆ. ಗಣಪತಿ ಎಲ್ಲರಿಗೂ ಒಬ್ಬನೇ. ಹೆಸರು ಮಾತ್ರ ಆ ಮನೆಯದು.

ನಮ್ಮ ಕಡೆಗೆ ಇದು ಬಂದದ್ದು ಮುಖ್ಯವಾಗಿ ಬಟ್ಟೆಯ ರೂಪದಲ್ಲಿ. ಮ್ಯಾಂಚೆಸ್ಟರಿನವರು ಟಿಕೆಟ್ ಎಂದದ್ದನ್ನು ನಮ್ಮ ಬಜಾರಗಳು ಟೀಕಾ ಎಂದವು, ಛಾಪು ಎಂದವು. ಮಡಿಸಿದ ತಾನಿನ ಎದುರು ಮಡಿಕೆಗೆ ಅಂಟಿಸುತ್ತಿದ್ದ ಬಣ್ಣದ ಚೀಟಿ ಅದು. ಗಿರಾಕಿಗೆ ಓದು ಬಾರದು, ಕಂಪನಿಯ ಹೆಸರು ನಾಲಿಗೆಗೆ ಹೊರಳದು. ಹಾಗಾಗಿ ಆನೆ ಛಾಪಿನದು ಕೊಡಿ, ಹುಲಿ ಛಾಪಿನದು ಕೊಡಿ ಎಂದು ಕೇಳಬೇಕು. ಕಂಪನಿಗಳಿಗೆ ಆ ಚಿತ್ರವೇ ಆಸ್ತಿ. 1875ರಲ್ಲಿ ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಕಾಯ್ದೆ ಬಂದಾಗ ಹತ್ತಿ ಬಟ್ಟೆಯ ಗುರುತುಗಳಿಗೆಂದೇ ಮ್ಯಾಂಚೆಸ್ಟರಿನಲ್ಲಿ ಪ್ರತ್ಯೇಕ ಶಾಖೆ ತೆರೆಯಬೇಕಾಯಿತು. ನಮ್ಮ ಲಕ್ಷ್ಮಿ, ಕೃಷ್ಣ, ಹನುಮಂತರು ಸಾಲಾಗಿ ಅಲ್ಲಿ ದಾಖಲಾದರು.

ಈ ಚೀಟಿಗಳು ಗುಲ್ಬರ್ಗಾಕ್ಕೆ ಬಂದ ದಾರಿ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. 1871ರಲ್ಲಿ ಮುಂಬಯಿ ಕಡೆಯ ರೈಲು ಮತ್ತು ಮದ್ರಾಸು ಕಡೆಯ ರೈಲು ರಾಯಚೂರಿನಲ್ಲಿ ಕೂಡಿದವು, ಗುಲ್ಬರ್ಗಾ ಆ ದಾರಿಯಲ್ಲೇ ಇತ್ತು. 1874ಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ಕವಲು ಹೊರಟಿತು. ಮುಂಬಯಿ ಬಂದರಿನಲ್ಲಿ ಇಳಿದ ಗಂಟು ಹತ್ತಿಯ ನಾಡಿನ ನಡುವಿಗೆ ನೇರವಾಗಿ ಬರತೊಡಗಿತು. ಅದೇ ಶತಮಾನ ಮುಗಿಯುವ ಮುನ್ನ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಊರಲ್ಲೇ ಎಂಎಸ್‌ಕೆ ಮಿಲ್ಲು ಎದ್ದಿತು. ಗಿರಣಿ ನಿಂತು ಬಹಳ ಕಾಲವಾದರೂ ಆ ಬಡಾವಣೆಗೆ ಇಂದಿಗೂ ಅದೇ ಹೆಸರು, ಆಟೋದವರಿಗೆ ಅಷ್ಟು ಹೇಳಿದರೆ ಸಾಕು.

ಬಟ್ಟೆಯ ತಾನು ಕಪಡಾ ಬಜಾರಿನ ಅಂಗಡಿಗೆ ಬಂದ ಮೇಲೆ ವ್ಯಾಪಾರಿ ಆ ಚೀಟಿಯ ಮೇಲೋ ಪಕ್ಕದಲ್ಲೋ ತನ್ನ ರಬ್ಬರ್ ಠಸ್ಸೆ ಒತ್ತುತ್ತಿದ್ದ. ಉರ್ದು, ಮರಾಠಿ, ಕನ್ನಡ, ಅಲ್ಪಸ್ವಲ್ಪ ಇಂಗ್ಲಿಷ್. ನನ್ನ ಮಟ್ಟಿಗೆ ಸಂಗ್ರಹ ಶುರುವಾಗುವುದು ಇಲ್ಲಿಂದ. ಚಿತ್ರಕ್ಕೆ ಕರಾಚಿಯಿಂದ ರಂಗೂನಿನವರೆಗೆ ಅವಳಿಜವಳಿಗಳಿದ್ದಾವೆ. ಠಸ್ಸೆ ಬಿದ್ದ ಚೀಟಿ ಮಾತ್ರ ಒಂದು ಬೀದಿಯದು. ಬೆಂಗಳೂರಿನ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹಾಲಯದಲ್ಲಿ ಇಂಥ ಬಟ್ಟೆ ಚೀಟಿಗಳ ದೊಡ್ಡ ಸಂಗ್ರಹವಿದೆ, ನೋಡಲು ಕಣ್ಣು ಸಾಲದು. ಆದರೆ ನಾವು ಮಾಡಬಹುದಾದ ಕೆಲಸ ಬೇರೆ. ನಮ್ಮ ಊರಿನ ಠಸ್ಸೆಯನ್ನು ನಾವಲ್ಲದೆ ಇನ್ನಾರೂ ಓದಲಾರರು.

ಓದುವುದು ಹೇಗೆ? ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಇಸವಿ ಕಂಡರೆ ತಕ್ಷಣ ನಂಬಬೇಡಿ. ನನ್ನ ಬಳಿಯಿರುವ ಒಂದು ಚೀಟಿಯ ಹಿಂದೆ ಉರ್ದು ಅಂಕಿಯಲ್ಲಿ 1342 ಎಂದಿದೆ. ಅದನ್ನು ಹಿಜರಿ ಎಂದು ತಿಳಿದು ನಾನು 1923 ಎಂದು ಬರೆದಿಟ್ಟುಕೊಂಡಿದ್ದೆ. ಗಂಜಿನ ಅಡತಿ ಅಂಗಡಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, ಅಂಕಿಯ ಮುಂದಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. ಅದು ‘ಫೆ’, ಅಂದರೆ ಫಸಲಿ. ಸಂಸ್ಥಾನದ ಕಂದಾಯದ ವರ್ಷ, ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಶುರುವಾಗುವುದು. ಅದಕ್ಕೆ 590 ಕೂಡಿಸಬೇಕು, ಜನವರಿ ದಾಟಿದ ತಿಂಗಳಾದರೆ 591. ನನ್ನ ಚೀಟಿ 1932–33ರದಾಯಿತು. ಒಂದು ಅಕ್ಷರ ಬಿಟ್ಟದ್ದಕ್ಕೆ ಒಂಬತ್ತು ವರ್ಷದ ತಪ್ಪು. ಮಾರವಾಡಿ ಅಂಗಡಿಯ ಕಾಗದವಾದರೆ ವಿಕ್ರಮ ಸಂವತ್ ಇರಬಹುದು, 57 ಕಳೆಯಬೇಕು. ಮರಾಠಿ ಪಂಚಾಂಗದವರಾದರೆ ಶಕೆ, 78 ಕೂಡಿಸಬೇಕು. ಒಂದೇ ಗಲ್ಲಿಯಲ್ಲಿ ನಾಲ್ಕು ಇಸವಿಗಳು ಒಟ್ಟಿಗೆ ವ್ಯಾಪಾರ ಮಾಡುತ್ತಿದ್ದವು.

ಇಸವಿಯೇ ಇಲ್ಲದಿದ್ದರೆ ದುಡ್ಡನ್ನು ನೋಡಿ. ಬೆಲೆಯ ಪಕ್ಕದಲ್ಲಿ ‘ಕಲ್ದಾರ್’ ಎಂದಿದ್ದರೆ ಬ್ರಿಟಿಷ್ ರೂಪಾಯಿ, ‘ಹಾಲಿ’ ಅಥವಾ ‘ಸಿಕ್ಕಾ’ ಎಂದಿದ್ದರೆ ನಿಜಾಮರ ರೂಪಾಯಿ. ಎರಡೂ ಬಜಾರಿನಲ್ಲಿ ಒಟ್ಟಿಗೆ ಓಡಾಡುತ್ತಿದ್ದವು, ಬೆಲೆ ಒಂದೇ ಇರಲಿಲ್ಲ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಏಳು ಹಾಲಿಗೆ ಆರು ಭಾರತೀಯ ರೂಪಾಯಿ ಎಂಬ ಲೆಕ್ಕವಾಯಿತು. ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದೆಂದು ಸಾಮಾನ್ಯವಾಗಿ ಹೇಳಬಹುದು. ಸಾಮಾನ್ಯವಾಗಿ ಎಂದೆ, ಏಕೆಂದರೆ ಹಳೆಯ ಚೀಟಿಯ ಕಟ್ಟು ಖರ್ಚಾಗುವವರೆಗೆ ಯಾವ ವ್ಯಾಪಾರಿಯೂ ಹೊಸದು ಮಾಡಿಸುವುದಿಲ್ಲ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು.

ವಿಳಾಸವೂ ಸಾಕ್ಷಿ ಹೇಳುತ್ತದೆ. ನಿಜಾಮರಿಗೆ ‘ಎಕ್ಸಾಲ್ಟೆಡ್ ಹೈನೆಸ್’ ಬಿರುದು ಸಿಕ್ಕಿದ್ದು 1918ರಲ್ಲಿ, ಹಾಗಾಗಿ ಆ ಪದವಿರುವ ಕಾಗದ ಅದಕ್ಕಿಂತ ಹಿಂದಿನದಾಗಲಾರದು. ನಿಜಾಮರ ರೈಲು ಕಂಪನಿಯ ಹೆಸರಿನಲ್ಲಿ ‘ಗ್ಯಾರಂಟೀಡ್’ ಎಂಬ ಪದ ಇದ್ದರೆ 1930ಕ್ಕೆ ಮುಂಚಿನದು, ಆ ವರ್ಷ ನಿಜಾಮ ಸರ್ಕಾರ ಕಂಪನಿಯನ್ನೇ ಕೊಂಡುಕೊಂಡಿತು. ‘ಗುಲ್ಬರ್ಗಾ, ಮೈಸೂರು ರಾಜ್ಯ’ ಎಂದಿದ್ದರೆ 1956ರ ನವೆಂಬರಿನಿಂದ 1973ರ ನವೆಂಬರಿನವರೆಗಿನ ಹದಿನೇಳು ವರ್ಷದ್ದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರದ್ದು. ‘ಕಲಬುರಗಿ’ ಎಂದು ಕನ್ನಡದಲ್ಲಿ ಇದ್ದರೆ ಮಾತ್ರ ಅವಸರ ಮಾಡಬೇಡಿ. ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಾದರೂ ಕನ್ನಡ ಬರೆಯುವವರು ಅದಕ್ಕೂ ಬಹಳ ಹಿಂದಿನಿಂದ ಹಾಗೆಯೇ ಬರೆಯುತ್ತಿದ್ದರು.

ನಕಲಿಗಳ ಕಾಟ ಈಗ ಹೆಚ್ಚಾಗಿದೆ. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿ, ಅಚ್ಚು ಹಾಕಿ, ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ನೂರು ವರ್ಷ ಒಂದೇ ಸಂಜೆಯಲ್ಲಿ ಆಗುತ್ತದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ಒಂದಿರಲಿ. ಕಲ್ಲಚ್ಚಿನಲ್ಲಿ ಕೆನ್ನೆಯ ನಸುಗೆಂಪು ನೋಡಿದರೆ ಕೈಯಿಂದ ಇಟ್ಟ ಚುಕ್ಕೆಗಳು ಕಾಣುತ್ತವೆ, ರಾಗಿ ಚೆಲ್ಲಿದ ಹಾಗೆ, ಒಂದು ದಪ್ಪ, ಒಂದು ಸಣ್ಣ, ಸಾಲಿಲ್ಲ ಸೂತ್ರವಿಲ್ಲ. ಇಂದಿನ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಗೆರೆ ಹಾಕಿದಂತೆ ಸಾಲಾಗಿ ನಿಂತು ಸಣ್ಣ ಸಣ್ಣ ಹೂವಿನ ಆಕಾರ ಮಾಡುತ್ತವೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ನೋಡಿದರೆ ಮತ್ತೆ ಮೋಸ ಹೋಗುವುದಿಲ್ಲ. ಇನ್ನೊಂದು ಪರೀಕ್ಷೆ ನಿಮ್ಮ ಕಿರಾಣಿ ಅಂಗಡಿಯಲ್ಲೇ ಇದೆ: ಖೋಟಾ ನೋಟು ಹಿಡಿಯುವ ನೇರಳೆ ದೀಪ. ಎರಡನೆಯ ಮಹಾಯುದ್ಧದ ನಂತರ ಕಾಗದ ಬೆಳ್ಳಗೆ ಕಾಣಲೆಂದು ಒಂದು ಬಗೆಯ ರಾಸಾಯನಿಕ ಬೆರೆಸುವ ರೂಢಿ ಬಂತು, ಆ ದೀಪದಡಿ ಅದು ನೀಲಿಯಾಗಿ ಹೊಳೆಯುತ್ತದೆ. 1900ರ ಚೀಟಿ ಎಂದು ಕೊಟ್ಟದ್ದು ಶಿವರಾತ್ರಿಯ ದೀಪದ ಹಾಗೆ ಬೆಳಗಿದರೆ ಮರಳಿ ಕೊಟ್ಟುಬಿಡಿ. ಮೊದಲ ಬಾರಿ ನಾನು ಚೀಟಿ ಹಿಡಿದು ದೀಪ ಕೇಳಿದಾಗ ಅಂಗಡಿಯವರು ನನ್ನನ್ನು ಅನುಮಾನದಿಂದ ನೋಡಿದ್ದು ನಿಜ.

ಸಿಗುವ ಜಾಗಗಳು ನಾವು ಅಂದುಕೊಂಡಲ್ಲಿ ಇರುವುದಿಲ್ಲ. ಹಳೆಯ ರೋಜಕೀರ್ದಿ (ದಿನದ ಲೆಕ್ಕದ) ಪುಸ್ತಕಗಳ ರಟ್ಟಿನ ಒಳಗೆ, ಟ್ರಂಕುಗಳ ಮುಚ್ಚಳದಲ್ಲಿ, ದೇವರ ಗೂಡಿನ ಹಿಂಗೋಡೆಯಲ್ಲಿ, ದರ್ಜಿಗಳ ಹಳೆಯ ಕಪಾಟಿನಲ್ಲಿ. ಮನೆ ಕೆಡವುವ ಸುದ್ದಿ ಬಂದರೆ ರದ್ದಿಯವರಿಗಿಂತ ಮುಂಚೆ ಹೋಗಬೇಕು. ಪೂಜೆಯಲ್ಲಿರುವ ಚೀಟಿಯನ್ನು ಮಾತ್ರ ಕೇಳಬಾರದು, ಫೋಟೋ ತೆಗೆದುಕೊಂಡು ಕೈಮುಗಿದು ಬರುವುದು ಲೇಸು. ಇಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಲ್ಯಾಮಿನೇಷನ್ ಮಾಡಿಸಿದರೆ ಚೀಟಿಗೆ ತಿಥಿ ಮಾಡಿದಂತೆ, ಸೆಲ್ಲೋಟೇಪು ಅದರ ತಮ್ಮ. ಮಾಳಿಗೆಯ ಕೆಳಗಿನ ಅಟ್ಟದಲ್ಲಿ ಮೇ ತಿಂಗಳ ಕಾವಿಗೆ ಕಾಗದ ಹಪ್ಪಳವಾಗುತ್ತದೆ, ಕೆಳಗಿನ ಕೋಣೆಯಲ್ಲಿ ಗೋಡೆಗೆ ತಾಗದಂತೆ ಇಡಿ. ಪಾಲಿಯೆಸ್ಟರಿನ ಲಕೋಟೆ ಒಳ್ಳೆಯದು, ಅಗ್ಗದ ಪಿವಿಸಿ ಹಾಳೆ ಬಣ್ಣವನ್ನೇ ಅಂಟಿಸಿಕೊಳ್ಳುತ್ತದೆ.

ಇನ್ನು ನನ್ನ ತಪ್ಪು. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದ ಒಂದು ಲೆಕ್ಕದ ಪುಸ್ತಕದ ರಟ್ಟಿಗೆ ನವಿಲಿನ ಚೀಟಿಯೊಂದು ಅಂಟಿತ್ತು. ಕಲ್ಲಚ್ಚಿನ ಮಸಿ ಎಣ್ಣೆಯದು, ನೀರಿಗೆ ಜಗ್ಗುವುದಿಲ್ಲ ಎಂದು ಓದಿದ್ದೆ. ಅದು ನಿಜವೂ ಹೌದು. ತಾಟಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ರಟ್ಟಿನ ಸಮೇತ ತೇಲಿಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ಗೋಂದು ಸಡಿಲಿ ನವಿಲು ಗರಿ ಕೊಂಕದೆ ಮೇಲೆ ಬಂತು. ಹಿಗ್ಗಿನಿಂದ ಎತ್ತಿಕೊಂಡಾಗಲೇ ನೀರು ನೇರಳೆಯಾಗಿರುವುದು ಕಂಡದ್ದು. ರಬ್ಬರ್ ಠಸ್ಸೆಯ ನೇರಳೆ ಮಸಿ ಎಣ್ಣೆಯದಲ್ಲ, ನೀರಿನಲ್ಲಿ ಕರಗುವ ಅನಿಲಿನ್ ಬಣ್ಣ. ನವಿಲಿನ ಕಾಲ ಬಳಿ ಎರಡು ಸಾಲು ಠಸ್ಸೆ ಇತ್ತು, ಮೇಲಿನದು ಉರ್ದು, ಕೆಳಗಿನದು ಕನ್ನಡ. ಮಸುಕಾಗಿದೆ, ಆಮೇಲೆ ಓದೋಣ ಎಂದು ಬಿಟ್ಟಿದ್ದೆ, ನೆನೆಹಾಕುವ ಮುಂಚೆ ಒಂದು ಫೋಟೋ ಕೂಡ ತೆಗೆದಿರಲಿಲ್ಲ.

ಅದೇ ನವಿಲಿನ ಇನ್ನೊಂದು ಪ್ರತಿ ಕಳೆದ ವರ್ಷ ಹೈದರಾಬಾದಿನ ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ನನ್ನದಕ್ಕಿಂತ ಚೆನ್ನಾಗಿದೆ, ಚಿನ್ನದ ಪುಡಿ ಕೂಡ ಉದುರಿಲ್ಲ, ಠಸ್ಸೆಯಿಲ್ಲ. ಎರಡನ್ನೂ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಬಿಸಿಲಿಗೆ ಓರೆಯಾಗಿ ಹಿಡಿದರೆ ನನ್ನದರಲ್ಲಿ ಕೆಳಗಿನ ಸಾಲಿನ ಕೊನೆಯ ಮೂರು ಅಕ್ಷರ ಈಗಲೂ ಕಾಣುತ್ತವೆ: ‘ಬಜಾರ’. ಕಪಡಾ ಬಜಾರವೋ, ಸರಾಫ್ ಬಜಾರವೋ, ಕಿರಾಣಾ ಬಜಾರವೋ.